ಹೊಸ ಪುಟಕ್ಕೆ ಹಳೆಯ ಬಾಗಿಲು

ಒಂದೇ ದಿನ ಅಂತರಜಾಲಕ್ಕೆ ಎರಡು ಹೊಸ ಪುಟಗಳು ಸೇರುತ್ತವೆ. ಒಂದು, ವರ್ಷಗಳಿಂದ ವಾರಕ್ಕೆರಡು ಬರಹ ಹಾಕುತ್ತ ಬಂದಿರುವ ಬ್ಲಾಗಿನ ಹೊಸ ಪೋಸ್ಟ್. ಇನ್ನೊಂದು, ಆಗಷ್ಟೇ ಹೆಸರು ನೋಂದಾಯಿಸಿಕೊಂಡ ಅಂಗಡಿಯೊಂದರ ಹೊಚ್ಚಹೊಸ ಜಾಲತಾಣ. ಮೊದಲನೆಯದು ಸಂಜೆಯೊಳಗೆ ಗೂಗಲ್‌ನಲ್ಲಿ ಸಿಗುತ್ತದೆ. ಎರಡನೆಯದು ಅಂಗಡಿಯ ಪೂರ್ತಿ ಹೆಸರು ಹಾಕಿ ಹುಡುಕಿದರೂ ವಾರಗಟ್ಟಲೆ ಸಿಗದೆ ಹೋಗಬಹುದು. ವಿಳಾಸ ಗೊತ್ತಿದ್ದವರಿಗೆ ಎರಡೂ ಪುಟಗಳು ಯಾವ ಊರಿನಲ್ಲಿ ಕುಳಿತರೂ ತೆರೆದುಕೊಳ್ಳುತ್ತವೆ. ಖರ್ಚಿನ ಲೆಕ್ಕ ಹಿಡಿದರೆ ಎರಡನೆಯದೇ ದುಬಾರಿ. ಬಿಟ್ಟಿಯಾಗಿ ಸಿಗುವ ಬ್ಲಾಗಿಗೆ ಮೊದಲ ಮಣೆ, ಕಾಸು ಕೊಟ್ಟು ಕಟ್ಟಿಸಿದ ತಾಣಕ್ಕೆ ಕಾಯುವ ಶಿಕ್ಷೆ ಏಕೆ?

ಗೂಗಲ್‌ಗೆ ಬ್ಲಾಗ್ ಕಂಡರೆ ಪ್ರೀತಿ ಎಂಬ ಮಾತು ಜಾಲತಾಣ ಕಟ್ಟುವವರ ನಡುವೆ ಬಹುಕಾಲದಿಂದ ಓಡಾಡುತ್ತಿದೆ. ಯಂತ್ರಕ್ಕೆ ಅಂಥ ಪ್ರೀತಿಯೇನೂ ಇಲ್ಲ. ಹೊಸ ಪುಟ ಶೋಧಯಂತ್ರದ ಕಣ್ಣಿಗೆ ಬೀಳುವ ಬಗೆಯಲ್ಲೇ ಈ ಒಗಟಿನ ಉತ್ತರವಿದೆ.

ಹುಡುಕಾಟ ನಡೆಯುವ ಜಾಗ

ಹುಡುಕುವ ಪದ ಟೈಪಿಸಿದ ಕೂಡಲೇ ಶೋಧಯಂತ್ರ, ಅಂದರೆ ಸರ್ಚ್ ಎಂಜಿನ್, ಜಾಲವನ್ನೆಲ್ಲ ಜಾಲಾಡಿ ಬರುತ್ತದೆ ಎಂಬ ಕಲ್ಪನೆ ಸಾಮಾನ್ಯ. ಹಾಗೆ ಮಾಡಹೊರಟರೆ ಒಂದು ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾದೀತು. ನಿಜವಾಗಿ ನಡೆಯುವುದು ಇಷ್ಟು: ಶೋಧಯಂತ್ರ ಮೊದಲೇ ಪುಟಗಳ ಪ್ರತಿ ತಂದಿಟ್ಟುಕೊಂಡು, ಯಾವ ಪದ ಯಾವ ಯಾವ ಪುಟಗಳಲ್ಲಿದೆ ಎಂಬ ದೊಡ್ಡ ಪಟ್ಟಿಯನ್ನು ಸಿದ್ಧ ಮಾಡಿಕೊಂಡಿರುತ್ತದೆ. ಈ ಪಟ್ಟಿಯೇ ಸೂಚಿ, ಇಂಗ್ಲಿಷಿನ ಇಂಡೆಕ್ಸ್. ಪ್ರಶ್ನೆ ಬಂದಾಗ ಯಂತ್ರ ತೆರೆಯುವುದು ತನ್ನ ಸೂಚಿಯನ್ನು ಮಾತ್ರ. ಜಾಲದಲ್ಲಿದ್ದೂ ಸೂಚಿಯಲ್ಲಿಲ್ಲದ ಪುಟ ಹುಡುಕುವವನ ಪಾಲಿಗೆ ಇಲ್ಲದ ಪುಟವೇ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ 1998ರಲ್ಲಿ ತಮ್ಮ ಗೂಗಲ್ ಮಾದರಿಯನ್ನು ವಿವರಿಸಿ ಪ್ರಬಂಧ ಪ್ರಕಟಿಸಿದಾಗ ಅವರ ಸಂಗ್ರಹದಲ್ಲಿ ಇದ್ದದ್ದು 2.4 ಕೋಟಿ ಪುಟಗಳು. ಹತ್ತು ವರ್ಷ ಕಳೆದು 2008ರ ಜುಲೈಯಲ್ಲಿ ಗೂಗಲ್ ತನ್ನ ಯಂತ್ರಗಳ ಕಣ್ಣಿಗೆ ಬಿದ್ದ ಬೇರೆಬೇರೆ ವಿಳಾಸಗಳ ಸಂಖ್ಯೆ ಒಂದು ಲಕ್ಷ ಕೋಟಿ ಮುಟ್ಟಿತೆಂದು ಹೇಳಿಕೊಂಡಿತು. ಕಣ್ಣಿಗೆ ಬಿದ್ದ ವಿಳಾಸಗಳೆಲ್ಲ ಸೂಚಿಗೆ ಸೇರಿದವು ಎಂದಲ್ಲ. ಈ ವ್ಯತ್ಯಾಸ ಮುಂದೆ ಮತ್ತೆ ಬರುತ್ತದೆ.

ಕೊಂಡಿಯಿಂದ ಕೊಂಡಿಗೆ

ಪುಟಗಳ ಪ್ರತಿ ತರುವ ತಂತ್ರಾಂಶಕ್ಕೆ ಕ್ರಾಲರ್ ಎಂಬ ಹೆಸರು ರೂಢಿಯಲ್ಲಿದೆ. ಈ ಅಧ್ಯಾಯದಲ್ಲಿ ಅದು ಸಂಚಾರಿ. ಸಂಚಾರಿ ಎಂದರೂ ಅದು ಎಲ್ಲಿಗೂ ಹೋಗುವುದಿಲ್ಲ. ತನ್ನ ಕಂಪ್ಯೂಟರಿನಲ್ಲೇ ಕುಳಿತು, ಬ್ರೌಸರ್ ಮಾಡುವ ಹಾಗೆಯೇ, ಗೊತ್ತಿರುವ ವಿಳಾಸವೊಂದರ ಸರ್ವರ್‌ನಿಂದ ಪುಟವನ್ನು ಕೇಳಿ ತರಿಸಿಕೊಳ್ಳುತ್ತದೆ. ಬಂದ ಪುಟದಲ್ಲಿರುವ ಕೊಂಡಿಗಳನ್ನು ಆರಿಸಿ, ಅವುಗಳಲ್ಲಿ ಹಿಂದೆ ಕಂಡಿರದ ವಿಳಾಸಗಳನ್ನು ಸರದಿಗೆ ಸೇರಿಸುತ್ತದೆ. ಆಮೇಲೆ ಸರದಿಯ ಮುಂದಿನ ವಿಳಾಸ. 1993ರಲ್ಲಿ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಮ್ಯಾಥ್ಯೂ ಗ್ರೇ ಜಾಲ ಎಷ್ಟು ದೊಡ್ಡದು ಎಂದು ಅಳೆಯಲು ಬರೆದ ವಾಂಡರರ್ ಎಂಬ ತಂತ್ರಾಂಶ ಈ ವಂಶದ ಹಿರಿಯರಲ್ಲೊಂದು. ಈಗಿನ ಗೂಗಲ್‌ಬಾಟ್, ಬಿಂಗ್‌ಬಾಟ್‌ಗಳು ಗಾತ್ರದಲ್ಲಿ, ಜಾಣತನದಲ್ಲಿ ಬಹಳ ಬೆಳೆದಿವೆ. ಹೊಸದನ್ನು ಹುಡುಕುವ ಮೂಲ ವಿಧಾನ ಮಾತ್ರ ಇದೇ.

ಈ ವಿಧಾನದಲ್ಲೊಂದು ಕುರುಡುತನವಿದೆ. ಕೊಂಡಿಗೆ ದಿಕ್ಕುಂಟು. ಹೊಸ ಅಂಗಡಿಯ ತಾಣದಿಂದ ಹತ್ತು ದೊಡ್ಡ ತಾಣಗಳಿಗೆ ಕೊಂಡಿ ಕೊಟ್ಟರೂ ಆ ದೊಡ್ಡ ತಾಣಗಳಿಗೆ ಬಂದ ಸಂಚಾರಿಗೆ ಅಂಗಡಿಯ ಸುಳಿವು ಸಿಗುವುದಿಲ್ಲ. ಕೊಂಡಿ ಎತ್ತ ತೋರಿಸುತ್ತದೆಯೋ ಅತ್ತ ಮಾತ್ರ ದಾರಿ.

ಇದು ಬರೀ ತರ್ಕದ ಮಾತಾಗಿ ಉಳಿದಿಲ್ಲ. ಆಂಡ್ರೈ ಬ್ರೋಡರ್ ಮತ್ತು ಸಂಗಡಿಗರು (ಇವರಲ್ಲಿ ಪ್ರಭಾಕರ್ ರಾಘವನ್, ರವಿ ಕುಮಾರ್, ಶ್ರೀಧರ್ ರಾಜಗೋಪಾಲನ್ ಕೂಡ ಇದ್ದರು) ಆಲ್ಟಾವಿಸ್ಟಾ ಶೋಧಯಂತ್ರ ಕಲೆಹಾಕಿದ್ದ ಸುಮಾರು 20 ಕೋಟಿ ಪುಟಗಳು ಮತ್ತು 150 ಕೋಟಿ ಕೊಂಡಿಗಳನ್ನು ಪರಿಶೀಲಿಸಿ 2000ರಲ್ಲಿ ಜಾಲದ ನಕ್ಷೆಯೊಂದನ್ನು ಮುಂದಿಟ್ಟರು. ನಡುವೆ ಒಂದು ತಿರುಳು. ಅದರೊಳಗಿನ ಯಾವ ಪುಟದಿಂದ ಹೊರಟರೂ ಕೊಂಡಿ ಹಿಡಿದು ತಿರುಳಿನ ಬೇರೆ ಯಾವ ಪುಟವನ್ನಾದರೂ ತಲುಪಬಹುದು. ಅದರಲ್ಲಿದ್ದ ಪುಟಗಳು ಸುಮಾರು 5.6 ಕೋಟಿ. ತಿರುಳಿನಿಂದ ತಲುಪಬಹುದಾದ, ಆದರೆ ಹಿಂದಿರುಗಲು ದಾರಿಯಿಲ್ಲದ ಪುಟಗಳು ಒಂದು ಪಕ್ಕದಲ್ಲಿ. ತಿರುಳಿನ ಕಡೆಗೆ ಕೊಂಡಿ ಚಾಚಿಕೊಂಡಿದ್ದರೂ ತಿರುಳಿನಿಂದ ತಲುಪಲಾಗದ ಪುಟಗಳು ಇನ್ನೊಂದು ಪಕ್ಕದಲ್ಲಿ. ಈ ಎರಡು ಗುಂಪುಗಳು ತಲಾ 4.3 ಕೋಟಿಯ ಆಸುಪಾಸು. ಯಾವುದಕ್ಕೂ ಅಂಟದೆ ಪೂರಾ ಬೇರೆಯಾಗಿ ನಿಂತ ಪುಟಗಳೇ ಒಂದೂವರೆ ಕೋಟಿ ಮೀರಿದ್ದವು.

ಚಾಚಿಕೊಂಡರೂ ತಲುಪಲಾಗದ ಆ ಗುಂಪಿನಲ್ಲಿ, ಇನ್ನೂ ಯಾರೂ ಕಂಡು ಕೊಂಡಿ ಕೊಟ್ಟಿರದ ಹೊಸ ತಾಣಗಳು ಇರಬಹುದು ಎಂದು ಆ ಪ್ರಬಂಧವೇ ಊಹಿಸಿತ್ತು. ಮೇಲೆ ಹೇಳಿದ ಅಂಗಡಿಯ ತಾಣದ ವಿಳಾಸ ಅಲ್ಲಿಯೇ. ಹೊಸ ತಾಣ ಹುಟ್ಟುವಾಗಲೇ ಜಾಲದ ತಪ್ಪು ಮಗ್ಗುಲಲ್ಲಿ ಹುಟ್ಟುತ್ತದೆ. ಅದು ಈಚೆಗೆ ಬರಬೇಕಾದರೆ ಈಗಾಗಲೇ ಸಂಚಾರಿಗೆ ಪರಿಚಯವಿರುವ ಪುಟವೊಂದು ಅದರತ್ತ ಕೊಂಡಿ ಕೊಡಬೇಕು.

ಹಳೆಯ ಪುಟಕ್ಕೆ ಮರುಭೇಟಿ

ಕೊಂಡಿ ಕೊಟ್ಟರೂ ಸಮಸ್ಯೆ ಅರ್ಧ ಮಾತ್ರ ಮುಗಿಯುತ್ತದೆ. ಕೊಂಡಿ ಕೊಟ್ಟ ಪುಟವನ್ನು ಸಂಚಾರಿ ಮೂರು ತಿಂಗಳ ಹಿಂದೆ ಓದಿ ಹೋಗಿದ್ದರೆ, ನಿನ್ನೆ ಸೇರಿದ ಕೊಂಡಿ ಅದಕ್ಕೆ ಗೊತ್ತಿರುವುದಿಲ್ಲ. ಅದು ಮತ್ತೆ ಬರಬೇಕು, ಪುಟ ಬದಲಾಗಿದೆಯೇ ಎಂದು ನೋಡಬೇಕು, ಬದಲಾವಣೆಯೊಳಗೆ ಹೊಸ ವಿಳಾಸ ಇದೆಯೇ ಎಂದು ಹೆಕ್ಕಬೇಕು. ಈಗ ಇಡೀ ಒಗಟಿನ ರೂಪ ಬದಲಾಗುತ್ತದೆ. ಹೊಸ ಪುಟವೊಂದನ್ನು ಶೋಧಯಂತ್ರ ಕಂಡುಹಿಡಿಯುವುದು ಎಂದರೆ ಹಳೆಯ ಪುಟವೊಂದರಲ್ಲಿ ಆದ ಬದಲಾವಣೆಯನ್ನು ಗಮನಿಸುವುದು. ತಡವಾಗುವುದೂ ಬೇಗವಾಗುವುದೂ ಆ ಮರುಭೇಟಿಯನ್ನು ಅವಲಂಬಿಸಿವೆ.

ಎಲ್ಲ ಪುಟಗಳನ್ನೂ ನಿಮಿಷಕ್ಕೊಮ್ಮೆ ನೋಡಿಬಿಟ್ಟರಾಯಿತು ಎನ್ನುವಂತಿಲ್ಲ. ಶೋಧಯಂತ್ರದ ಕಂಪ್ಯೂಟರುಗಳಿಗೂ ಮಿತಿಯಿದೆ. ಭೇಟಿ ಕೊಡಿಸಿಕೊಳ್ಳುವ ಸರ್ವರ್‌ಗೆ ಅದಕ್ಕಿಂತ ಸಣ್ಣ ಮಿತಿ; ಸಂಚಾರಿ ಅತಿಯಾಗಿ ಬಂದರೆ ಬೇರೆ ಓದುಗರಿಗೆ ಪುಟ ತೆರೆಯುವುದೇ ಕಷ್ಟವಾಗುತ್ತದೆ. ಹಾಗಾಗಿ ಯಾವ ಪುಟಕ್ಕೆ ಎಷ್ಟು ಸಲ ಎಂದು ಹಂಚಿಕೆ ಮಾಡಲೇಬೇಕು.

ಸ್ಟ್ಯಾನ್‌ಫರ್ಡ್‌ನ ಜುಂಗೂ ಚೋ ಮತ್ತು ಹೆಕ್ಟರ್ ಗಾರ್ಸಿಯಾ–ಮೊಲಿನಾ 1999ರಲ್ಲಿ ನಾಲ್ಕು ತಿಂಗಳ ಕಾಲ 270 ತಾಣಗಳ 7.2 ಲಕ್ಷ ಪುಟಗಳನ್ನು ದಿನವೂ ತರಿಸಿ ಹೋಲಿಸಿ ನೋಡಿದರು. ವಾಣಿಜ್ಯ ತಾಣಗಳ ಪುಟಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪುಟಗಳು ದಿನದಿನವೂ ಬದಲಾಗುತ್ತಿದ್ದವು. ವಿಶ್ವವಿದ್ಯಾಲಯಗಳ ಮತ್ತು ಸರ್ಕಾರದ ತಾಣಗಳ ಪುಟಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಬದಲಾಗಲಿಲ್ಲ. ಸರ್ಕಾರಿ ಜಾಲತಾಣಗಳನ್ನು ಬಳಸಿ ಅಭ್ಯಾಸವಿರುವವರಿಗೆ ಇದು ದೊಡ್ಡ ಸುದ್ದಿಯೇನಲ್ಲ.

ಹಾಗಿದ್ದರೆ ಹೆಚ್ಚು ಬದಲಾಗುವ ಪುಟಕ್ಕೆ ಹೆಚ್ಚು ಭೇಟಿ ಎಂಬ ನಿಯಮ ಸಾಕಲ್ಲ ಎನ್ನಿಸುತ್ತದೆ. ಅವರ ಲೆಕ್ಕ ಬೇರೆಯದನ್ನೇ ಹೇಳಿತು. ದಿನಕ್ಕೆ 9 ಸಲ ಬದಲಾಗುವ ಒಂದು ಪುಟ, ದಿನಕ್ಕೆ ಒಂದೇ ಸಲ ಬದಲಾಗುವ ಇನ್ನೊಂದು ಪುಟ. ದಿನಕ್ಕೆ ಒಂದೇ ಭೇಟಿ ಸಾಧ್ಯ ಎಂದಿಟ್ಟುಕೊಂಡರೆ ಯಾವುದಕ್ಕೆ ಹೋಗಬೇಕು? ಮೊದಲನೆಯದರ ಪ್ರತಿ ತಂದರೆ ಅದು ಹೆಚ್ಚೆಂದರೆ 2 ಗಂಟೆ 40 ನಿಮಿಷದೊಳಗೆ ಹಳತಾಗುತ್ತದೆ. ದಿನದ ಉಳಿದ ಭಾಗವೆಲ್ಲ ಯಂತ್ರದ ಕೈಯಲ್ಲಿರುವುದು ಸುಳ್ಳು ಪ್ರತಿ. ಎರಡನೆಯದನ್ನು ಮಧ್ಯಾಹ್ನ ತಂದರೆ ಅರ್ಧ ದಿನದವರೆಗೂ ಅದು ನಿಜವಾಗಿ ಉಳಿಯುವ ಅವಕಾಶವಿದೆ. ಪ್ರತಿಗಳು ಒಟ್ಟಾರೆ ತಾಜಾ ಆಗಿರಬೇಕೆಂಬುದೇ ಗುರಿಯಾದರೆ, ಎಲ್ಲ ಪುಟಗಳನ್ನೂ ಒಂದೇ ಅಂತರದಲ್ಲಿ ನೋಡುವುದು ಬದಲಾವಣೆಯ ವೇಗಕ್ಕೆ ತಕ್ಕಂತೆ ಓಡುವುದಕ್ಕಿಂತ ಮೇಲು ಎಂದು ಅವರು ಸಾಬೀತು ಮಾಡಿದರು. ಮಿತಿಮೀರಿ ಬದಲಾಗುವ ಪುಟದ ಬೆನ್ನು ಹತ್ತುವುದು ವ್ಯರ್ಥ.

ಆದರೆ ಹೊಸ ವಿಳಾಸ ಹುಡುಕುವವನ ಗುರಿ ಬೇರೆ. ಮುಖಪುಟದಲ್ಲಿ ಗಡಿಯಾರವೋ ಚಿನ್ನದ ದರವೋ ಕ್ಷಣಕ್ಷಣಕ್ಕೂ ಬದಲಾದರೆ ಅವನಿಗೆ ಲಾಭವಿಲ್ಲ. ಬದಲಾವಣೆ ಹೊಸ ಕೊಂಡಿಯನ್ನು ಹೊತ್ತು ತರಬೇಕು. ಬಂದ ಕೊಂಡಿ ಮುಂದಿನ ಭೇಟಿಯವರೆಗೆ ಅಲ್ಲೇ ಇರಬೇಕು. ಇಂಥ ಪುಟ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ ಎಂದು ಹಿಂದಿನ ಅನುಭವದಿಂದ ಊಹಿಸಲೂ ಆಗಬೇಕು.

ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸೂಚಿ

ಶುರುವಿನ ವರ್ಷಗಳಲ್ಲಿ ಈ ಜಾಣತನಕ್ಕೆ ಅವಕಾಶವೇ ಇರಲಿಲ್ಲ. 2003ರ ತನಕ ಗೂಗಲ್ ತನ್ನ ಮುಖ್ಯ ಸೂಚಿಯನ್ನು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹೊಸದಾಗಿ ಕಟ್ಟುತ್ತಿತ್ತು. ಹೊಸ ಸೂಚಿ ಅದರ ಎಲ್ಲ ಕೇಂದ್ರಗಳಿಗೆ ತಲುಪುವ ಕೆಲವು ದಿನ ಫಲಿತಾಂಶಗಳು ಒಂದೊಂದು ಸಲ ಒಂದೊಂದು ತರಹ ಬರುತ್ತಿದ್ದವು. ತಾಣ ನಡೆಸುವವರು ಅದಕ್ಕೆ ಗೂಗಲ್ ಡ್ಯಾನ್ಸ್ ಎಂದು ಹೆಸರಿಟ್ಟಿದ್ದರು. ಒಂದು ಸೂಚಿಯನ್ನು ಕಟ್ಟಿ ಮುಗಿಸಿದ ಮರುದಿನ ಹುಟ್ಟಿದ ಪುಟ ಮುಂದಿನ ತಿಂಗಳವರೆಗೆ ಸುಮ್ಮನೆ ಕಾಯಬೇಕಿತ್ತು.

ಇದರ ಕೊರತೆ ಎದ್ದು ಕಂಡದ್ದು 2001ರ ಸೆಪ್ಟೆಂಬರ್ 11ರಂದು. ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲೆ ದಾಳಿಯಾದ ಗಳಿಗೆಯಿಂದ ಜನ ಸುದ್ದಿಗಾಗಿ ಗೂಗಲ್‌ಗೆ ಮುಗಿಬಿದ್ದರು. ಸೂಚಿಯಲ್ಲಿದ್ದುದು ಹಳೆಯ ಪುಟಗಳು. ಸುದ್ದಿ ಬೇಕಾದವರು ಟೀವಿ, ರೇಡಿಯೋ ಹಾಕಿಕೊಳ್ಳುವುದು ಒಳ್ಳೆಯದು ಎಂದು ಗೂಗಲ್ ತನ್ನ ಮುಖಪುಟದಲ್ಲೇ ಬರೆಯಬೇಕಾಯಿತು. ಬೆಂಗಳೂರಿನಲ್ಲಿ ಶಾಲೆ ಕಲಿತು, ಮದ್ರಾಸಿನ ಐಐಟಿಯಲ್ಲಿ ಓದಿ ಗೂಗಲ್ ಸೇರಿದ್ದ ಕೃಷ್ಣ ಭರತ್ ಆ ಘಟನೆಯ ಬೆನ್ನಲ್ಲೇ, ಸುದ್ದಿತಾಣಗಳನ್ನಷ್ಟೇ ಮತ್ತೆಮತ್ತೆ ಭೇಟಿ ಮಾಡಿ ವರದಿಗಳನ್ನು ಗುಂಪು ಮಾಡುವ ವ್ಯವಸ್ಥೆಯನ್ನು ಕಟ್ಟತೊಡಗಿದರು. 2002ರ ಸೆಪ್ಟೆಂಬರ್‌ನಲ್ಲಿ ಅದು ಗೂಗಲ್ ನ್ಯೂಸ್ ಆಗಿ ಹೊರಬಂತು. ಎಲ್ಲ ಪುಟಗಳಿಗೂ ಒಂದೇ ಸರದಿ ಎಂಬ ಪದ್ಧತಿ ಇಲ್ಲಿಂದ ಸಡಿಲವಾಗುತ್ತ ಹೋಯಿತು.

ಬ್ಲಾಗಿನ ಮುಖಪುಟ

ಶೋಧಯಂತ್ರಗಳು ಮರುಭೇಟಿಯ ಲೆಕ್ಕವನ್ನು ಕಲಿಯುತ್ತಿದ್ದ ಹೊತ್ತಿಗೇ ಬ್ಲಾಗುಗಳು ಹಬ್ಬಿದವು. ಬ್ಲಾಗರ್ ಸೇವೆ ಶುರುವಾದದ್ದು 1999ರ ಆಗಸ್ಟ್‌ನಲ್ಲಿ. ಅದನ್ನು ಗೂಗಲ್ ಕೊಂಡುಕೊಂಡದ್ದು 2003ರ ಫೆಬ್ರುವರಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ವರ್ಡ್‌ಪ್ರೆಸ್ ಬಂತು. ಎರಡನ್ನೂ ರೂಪಿಸಿದವರ ಉದ್ದೇಶ ಬರೆಯುವವರ ಕೆಲಸ ಹಗುರ ಮಾಡುವುದು. ಶೋಧಯಂತ್ರದ ಅನುಕೂಲ ಯಾರ ತಲೆಯಲ್ಲೂ ಇದ್ದಂತಿಲ್ಲ. ಹಾಗಿದ್ದರೂ ಬ್ಲಾಗಿನ ಅಂಗರಚನೆ ಸಂಚಾರಿಗೆಂದೇ ಮಾಡಿಸಿದಂತಿತ್ತು.

ತಾಲ್ಲೂಕು ಕಚೇರಿಗೆ ದಿನವೂ ಹೋಗುವ ಪತ್ರಿಕೆಯ ವರದಿಗಾರ ಒಂದೊಂದು ಕೊಠಡಿಯ ಬಾಗಿಲನ್ನೂ ತಟ್ಟಿ ಹೊಸ ಆದೇಶ ಇದೆಯೇ ಎಂದು ಕೇಳುವುದಿಲ್ಲ. ಹೊರಗಿನ ನೋಟಿಸ್ ಬೋರ್ಡ್ ನೋಡುತ್ತಾನೆ. ಹೊಸ ಕಾಗದ ಅಂಟಿಸಿದ್ದರೆ ಅದರಲ್ಲಿ ಬರೆದ ಕೊಠಡಿಗೆ ಹೋಗುತ್ತಾನೆ, ಇಲ್ಲದಿದ್ದರೆ ಹೊರಟುಬಿಡುತ್ತಾನೆ. ಬೋರ್ಡಿನಲ್ಲಿ ದಿನವೂ ಏನಾದರೊಂದು ಇರುವ ಕಚೇರಿಗೆ ತಪ್ಪದೆ ಹೋಗುತ್ತಾನೆ. ಬೋರ್ಡ್ ಖಾಲಿ ಇರುವ ಕಚೇರಿಗೆ ತಿಂಗಳಿಗೊಮ್ಮೆ. ಬ್ಲಾಗಿನ ಮುಖಪುಟ ಇಂಥ ಬೋರ್ಡ್. ಹೊಸ ಪೋಸ್ಟ್ ಪ್ರಕಟವಾದರೆ ಅದರ ಶೀರ್ಷಿಕೆ ಮತ್ತು ಕೊಂಡಿ ತಾವಾಗಿಯೇ ಮುಖಪುಟದ ತಲೆಯ ಮೇಲೆ ಬಂದು ಕೂರುತ್ತವೆ. ಹಳೆಯವು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತವೆಯೇ ಹೊರತು ಮಾಯವಾಗುವುದಿಲ್ಲ. ಸಂಚಾರಿ ನಾಲ್ಕು ದಿನ ತಡವಾಗಿ ಬಂದರೂ ಐದಾರು ಹೊಸ ಕೊಂಡಿಗಳು ಒಟ್ಟಿಗೆ ಸಿಗುತ್ತವೆ. ತಿಂಗಳವಾರು ಸಂಗ್ರಹ, ವಿಷಯವಾರು ಪಟ್ಟಿಗಳಲ್ಲೂ ಅದೇ ಪೋಸ್ಟ್ ಹೆಸರು ಕಾಣುವುದರಿಂದ ಒಂದು ಹೊಸ ಪುಟಕ್ಕೆ ನಾಲ್ಕಾರು ದಾರಿಗಳು ಒಂದೇ ಸಲ ತೆರೆಯುತ್ತವೆ. ಇವೆಲ್ಲವನ್ನೂ ಮಾಡುವುದು ತಂತ್ರಾಂಶ. ಬ್ಲಾಗಿಗರು ಕೊಂಡಿಯೊಂದನ್ನೂ ಕೈಯಾರೆ ಸೇರಿಸಬೇಕಿಲ್ಲ. ಸಾಮಾನ್ಯ ತಾಣದಲ್ಲಿ ಹೊಸ ಪುಟ ಸೇರಿಸಿ ಹಳೆಯ ಪುಟಗಳಿಂದ ಅದಕ್ಕೆ ಕೊಂಡಿ ಕೊಡಲು ಮರೆಯುವುದು ಎಷ್ಟು ಸಾಮಾನ್ಯ ಎಂದು ಆ ಕೆಲಸ ಮಾಡುವವರಿಗೆ ಗೊತ್ತು.

ಯಾಹೂ ಸಂಶೋಧಕರು ಸೇರಿದ್ದ ತಂಡವೊಂದು 2007ರಲ್ಲಿ ಈ ಅನುಕೂಲವನ್ನು ಅಂಕಿಗಳಲ್ಲಿ ಅಳೆಯಿತು. ಹೊಸ ಕೊಂಡಿಗಳು ಯಾವ ಹಳೆಯ ಪುಟಗಳಲ್ಲಿ ಬರಲಿವೆ ಎಂದು ಮೊದಲೇ ಗೊತ್ತಿದ್ದರೆ, ಜಾಲದ ನೂರಕ್ಕೆ 90 ಹೊಸ ಪುಟಗಳನ್ನು ಅತಿ ಕಡಿಮೆ ಮರುಭೇಟಿಯಲ್ಲಿ ಹಿಡಿಯಬಹುದು: ಸರಾಸರಿ ನೂರು ಹೊಸ ಪುಟಗಳಿಗೆ ಹಳೆಯ ಪುಟಗಳ ಮೂರು ಭೇಟಿಗಿಂತಲೂ ಕಡಿಮೆ. ಕೆಲವೇ ಪುಟಗಳು ರಾಶಿಗಟ್ಟಲೆ ಹೊಸ ವಿಳಾಸಗಳನ್ನು ಹೊರಹಾಕುತ್ತವೆ ಎಂಬುದು ಇದರ ತಾತ್ಪರ್ಯ. ಆದರೆ ನಿಜವಾದ ಸಂಚಾರಿಗೆ ಭವಿಷ್ಯ ಗೊತ್ತಿರುವುದಿಲ್ಲ, ಹಿಂದಿನ ನಡವಳಿಕೆ ನೋಡಿ ಅಂದಾಜಿಸಬೇಕು. ಹಾಗೆ ಅಂದಾಜಿಸಿದಾಗ ಹೊಸ ಪುಟಗಳಲ್ಲಿ ಕಾಲು ಭಾಗ ಮಿತವ್ಯಯದ ಯಾವ ಹಂಚಿಕೆಗೂ ಸಿಗುವುದಿಲ್ಲ ಎಂದು ಅದೇ ಅಧ್ಯಯನ ತೋರಿಸಿತು. ಅನಿರೀಕ್ಷಿತ ಮೂಲೆಯಲ್ಲಿ ಹುಟ್ಟುವ ಪುಟಗಳು ಅವು.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಬ್ಲಾಗಿನ ಪೋಸ್ಟ್ ನಿರೀಕ್ಷಿತ ಜಾಗದಲ್ಲಿ ಹುಟ್ಟುತ್ತದೆ. ಅಂಗಡಿಯ ತಾಣ ಆ ಕಾಲು ಭಾಗಕ್ಕೆ ಸೇರಿದ್ದು. ನಡೆಯುತ್ತಿರುವ ಬ್ಲಾಗೊಂದರಲ್ಲಿ ಅಂಗಡಿಯ ಬಗ್ಗೆ ನಾಲ್ಕು ಸಾಲು ಬರೆದು ತಾಣದ ಕೊಂಡಿ ಕೊಟ್ಟರೆ, ಬ್ಲಾಗಿನ ಮುಖಪುಟದಿಂದ ಪೋಸ್ಟಿಗೆ, ಪೋಸ್ಟಿನಿಂದ ತಾಣಕ್ಕೆ ಸಂಚಾರಿ ಎರಡೇ ಹೆಜ್ಜೆಯಲ್ಲಿ ಬಂದು ಮುಟ್ಟುತ್ತದೆ.

ಬನ್ನಿ ಎಂದು ಕರೆಯುವುದು

ಬ್ಲಾಗುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಸಂಚಾರಿ ಬರುವವರೆಗೆ ಕಾಯುವ ಬದಲು ಹೊಸ ಪೋಸ್ಟ್ ಬಿದ್ದ ಕೂಡಲೇ ಸುದ್ದಿ ಕಳಿಸುವ ಏರ್ಪಾಟು. ಡೇವ್ ವೈನರ್ ನಡೆಸುತ್ತಿದ್ದ ವೆಬ್‌ಲಾಗ್ಸ್ ಡಾಟ್ ಕಾಮ್ ಇದಕ್ಕೆ ದಾರಿ ಹಾಕಿತು. ಪ್ರಕಟಿಸು ಎಂಬ ಗುಂಡಿ ಒತ್ತಿದಾಗ ಬ್ಲಾಗಿನ ತಂತ್ರಾಂಶ ಅಲ್ಲಿಗೊಂದು ಚುಟುಕು ಸಂದೇಶ ಕಳಿಸುತ್ತಿತ್ತು: ಬ್ಲಾಗಿನ ಹೆಸರು, ವಿಳಾಸ, ಅಷ್ಟೇ. ಇದಕ್ಕೆ ಪಿಂಗ್ ಎಂದು ಹೆಸರು. ಪಿಂಗ್‌ನಲ್ಲಿ ಬರಹವಿಲ್ಲ, ‘ಇಲ್ಲೇನೋ ಬದಲಾಗಿದೆ, ಬಂದು ನೋಡಿ’ ಎಂಬ ಸೂಚನೆ ಮಾತ್ರ. ಹೀಗೆ ಕೂಡಿಬಂದ, ಈಚೆಗೆ ಬದಲಾದ ಬ್ಲಾಗುಗಳ ಪಟ್ಟಿಯನ್ನು ಬೇರೆ ಸೇವೆಗಳು ಓದಿಕೊಂಡು ಆ ಬ್ಲಾಗುಗಳಿಗಷ್ಟೇ ಸಂಚಾರಿ ಕಳಿಸುತ್ತಿದ್ದವು. ಹತ್ತಾರು ಸೇವೆಗಳಿಗೆ ಬೇರೆಬೇರೆಯಾಗಿ ಪಿಂಗ್ ಕಳಿಸುವ ತೊಂದರೆ ತಪ್ಪಿಸಲು 2004ರಲ್ಲಿ ಪಿಂಗ್‌–ಓ–ಮ್ಯಾಟಿಕ್ ಹುಟ್ಟಿತು. 2005ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಬ್ಲಾಗುಗಳಿಗೆಂದೇ ಪ್ರತ್ಯೇಕ ಶೋಧ ಸೇವೆ ತೆರೆದು ಪಿಂಗ್‌ಗಳನ್ನು ತಾನೂ ಸ್ವೀಕರಿಸತೊಡಗಿತು.

ಪಿಂಗ್‌ಗೆ ಜೊತೆಯಾದದ್ದು ಫೀಡ್. ಆರ್‌ಎಸ್‌ಎಸ್, ಆಟಮ್ ಎಂಬ ಎರಡು ರೂಪಗಳಲ್ಲಿ ಸಿಗುವ ಇದು ಅಲಂಕಾರವಿಲ್ಲದ ಕಡತ: ಇತ್ತೀಚಿನ ಪೋಸ್ಟುಗಳ ಶೀರ್ಷಿಕೆ, ವಿಳಾಸ, ಪ್ರಕಟವಾದ ವೇಳೆ, ಕೆಲವೊಮ್ಮೆ ಪೂರ್ತಿ ಬರಹ. ಚಿತ್ರ, ಜಾಹೀರಾತು, ಬದಿಯ ಪಟ್ಟಿಗಳ ನಡುವೆ ಹೊಸದು ಯಾವುದು ಎಂದು ತಡಕಾಡುವ ಕೆಲಸ ಸಂಚಾರಿಗೆ ಉಳಿಯುವುದಿಲ್ಲ. ಹಿಂದಿನ ಭೇಟಿಯ ನಂತರ ಏನೂ ಬದಲಾಗಿಲ್ಲದಿದ್ದರೆ ಸರ್ವರ್ ‘ಬದಲಾಗಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಕೊಟ್ಟು ಕಳಿಸಬಹುದು. ಭೇಟಿ ಅಗ್ಗವಾದಷ್ಟೂ ಹೆಚ್ಚು ಸಲ ಬರುವುದು ಸುಲಭ.

ಕಳ್ಳ ಬ್ಲಾಗುಗಳ ಹಾವಳಿ

ಒಂದು ಕೊಂಡಿ ಎರಡು ಕೆಲಸ ಮಾಡುತ್ತದೆ. ಸಂಚಾರಿಗೆ ಅದು ದಾರಿ. ಫಲಿತಾಂಶಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ನಿರ್ಧರಿಸುವ ಗೂಗಲ್‌ನ ಪೇಜ್‌ರ‍್ಯಾಂಕ್ ಲೆಕ್ಕದಲ್ಲಿ ಅದು ಒಂದು ಮತ. ಬ್ಲಾಗಿನಿಂದ ಕೊಂಡಿ ಕೊಟ್ಟರೆ ಪುಟ ಬೇಗ ಸಿಗುತ್ತದೆ ಎಂಬ ಸತ್ಯಕ್ಕೆ, ಕೊಂಡಿ ಹೆಚ್ಚಿದಷ್ಟೂ ಪುಟ ಮೇಲೇರುತ್ತದೆ ಎಂಬ ಆಸೆ ಸೇರಿಕೊಂಡಿತು. ಮಂದಿ ಇತರರ ಬ್ಲಾಗುಗಳ ಪ್ರತಿಕ್ರಿಯೆಗಳಲ್ಲಿ ‘ಚೆನ್ನಾಗಿದೆ’ ಎಂದು ಬರೆದು ತಮ್ಮ ತಾಣದ ಕೊಂಡಿ ಅಂಟಿಸತೊಡಗಿದರು. ಆಮೇಲೆ ಆ ಕೆಲಸವನ್ನು ತಂತ್ರಾಂಶಗಳಿಗೇ ವಹಿಸಿದರು.

2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಎಂಎಸ್‌ಎನ್ ಸೇರಿ ಇದಕ್ಕೊಂದು ಮದ್ದು ಮಾಡಿದವು. ಕೊಂಡಿಯ ಜೊತೆ ನೋಫಾಲೋ ಎಂಬ ಗುರುತು ಇದ್ದರೆ ಅದನ್ನು ಮತವಾಗಿ ಎಣಿಸುವುದಿಲ್ಲ ಎಂದವು. ಬ್ಲಾಗ್ ತಂತ್ರಾಂಶಗಳು ಪ್ರತಿಕ್ರಿಯೆಗಳ ಕೊಂಡಿಗೆಲ್ಲ ಈ ಗುರುತು ಹಚ್ಚತೊಡಗಿದವು. 2007ರಲ್ಲಿ ವಿಕಿಪೀಡಿಯ ಕೂಡ ತನ್ನ ಹೊರಗೊಂಡಿಗಳಿಗೆ ಅದನ್ನು ಹಾಕಿತು. ಅಂಟುಗಾರರ ಹುರುಪು ಇದರಿಂದ ತಗ್ಗಿದಂತೆ ಕಾಣಲಿಲ್ಲ. 2019ರಿಂದ ಗೂಗಲ್ ನೋಫಾಲೋವನ್ನು ಕಟ್ಟಾಜ್ಞೆಯಾಗಿ ನೋಡದೆ ಒಂದು ಸುಳಿವಾಗಿ ಮಾತ್ರ ಪರಿಗಣಿಸುತ್ತಿದೆ.

ಇದಕ್ಕಿಂತ ದೊಡ್ಡ ಪಿಡುಗು ಸುಳ್ಳು ಬ್ಲಾಗುಗಳದು. ಅಲ್ಲಿಇಲ್ಲಿಂದ ಕದ್ದ ಸಾಲುಗಳನ್ನು ತಂತ್ರಾಂಶದಿಂದ ಹೊಲಿದು, ನಡುನಡುವೆ ಕೊಂಡಿ ತುರುಕಿ, ಸಾವಿರಗಟ್ಟಲೆ ಬ್ಲಾಗುಗಳನ್ನು ಹುಟ್ಟುಹಾಕಿ, ಪ್ರತಿಯೊಂದರಿಂದಲೂ ಗಳಿಗೆಗೊಂದು ಪಿಂಗ್ ಕಳಿಸುವ ದಂಧೆ ಅದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿಂಗ್‌ಗಳ ಸುಮಾರು ಮುಕ್ಕಾಲು ಪಾಲು ಇಂಥ ಬ್ಲಾಗುಗಳಿಂದಲೇ ಬರುತ್ತಿತ್ತು. ಪುಕ್ಕಟೆಯಾಗಿ ಯಾರು ಬೇಕಾದರೂ ಕೂಗಬಹುದಾದ ಕಡೆ ಕಳ್ಳನ ದನಿಯೇ ಜೋರಾಯಿತು. ಶೋಧಯಂತ್ರಗಳು ಬರಿಯ ಕರೆಯನ್ನು ನಂಬುವುದು ಬಿಟ್ಟು, ಕರೆದವರ ಹಿಂದಿನ ನಡತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಾದವು. ಗೂಗಲ್‌ನ ಬ್ಲಾಗ್ ಶೋಧ ಸೇವೆಯೇ ಮುಂದೆ ಮುಚ್ಚಿತು. ಕೊಂಡಿ ಕೊಡುವುದಕ್ಕೆಂದೇ ಕಟ್ಟಿದ ಬ್ಲಾಗ್‌ಜಾಲಗಳನ್ನು ಗೂಗಲ್ 2012ರಿಂದ ಗುಂಪುಗುಂಪಾಗಿ ಸೂಚಿಯಿಂದ ಕಿತ್ತುಹಾಕಿತು. ಅವುಗಳ ಕೊಂಡಿ ನಂಬಿದ್ದ ತಾಣಗಳೂ ಜೊತೆಗೇ ಕೆಳಗೆ ಬಿದ್ದವು.

ಕಂಡದ್ದೆಲ್ಲ ಸೂಚಿಗೆ ಸೇರದು

ಪುಟವೊಂದು ಹುಡುಕಾಟದಲ್ಲಿ ಸಿಗುವ ಮುನ್ನ ಮೂರು ಹೊಸ್ತಿಲು ದಾಟಬೇಕು. ವಿಳಾಸ ಗೊತ್ತಾಗಬೇಕು, ಸಂಚಾರಿ ಬಂದು ಪ್ರತಿ ಒಯ್ಯಬೇಕು, ಆ ಪ್ರತಿ ಸೂಚಿಗೆ ಸೇರಬೇಕು. ಬ್ಲಾಗ್ ನೆರವಾಗುವುದು ಮೊದಲನೆಯದಕ್ಕೆ, ಸ್ವಲ್ಪಮಟ್ಟಿಗೆ ಎರಡನೆಯದಕ್ಕೆ.

ಮೂರನೆಯ ಹೊಸ್ತಿಲನ್ನು ತಗ್ಗಿಸಿದ್ದು ಶೋಧಯಂತ್ರಗಳ ಒಳಗಿನ ಸುಧಾರಣೆ. ಮೊದಲು ಕೆಲವು ಹೊಸ ಪುಟಗಳನ್ನು ಸೇರಿಸಬೇಕಾದರೂ ಸಂಗ್ರಹದ ದೊಡ್ಡ ಭಾಗವನ್ನು ಮತ್ತೆ ಅರೆಯಬೇಕಿತ್ತು. 2010ರ ಜೂನ್‌ನಲ್ಲಿ ಗೂಗಲ್ ಬಳಕೆಗೆ ತಂದ ಕೆಫೀನ್ ಎಂಬ ವ್ಯವಸ್ಥೆ ಒಂದೊಂದು ಪುಟವನ್ನೂ ಬಂದ ಹಾಗೇ ಸೂಚಿಗೆ ಹೆಣೆಯತೊಡಗಿತು. ಪುಟವೊಂದು ಈ ಹಂತ ದಾಟುವ ವೇಗ ನೂರು ಪಟ್ಟಿಗೂ ಹೆಚ್ಚಾಯಿತು ಎಂದು ಅದರ ಎಂಜಿನಿಯರುಗಳು ಬರೆದರು. ಬೆಳಗಿನ ಪೋಸ್ಟ್ ಮಧ್ಯಾಹ್ನ ಸಿಗುವಂತಾಗಲು ಬ್ಲಾಗಿನಷ್ಟೇ ಇದೂ ಕಾರಣ.

ಇಷ್ಟಾದರೂ ಪುಟ ಹೊರಗುಳಿಯಬಹುದು. ಬೇರೆ ಪುಟದ ನಕಲಾಗಿದ್ದರೆ ಶೋಧಯಂತ್ರ ಎರಡರಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳುತ್ತದೆ. ಹುರುಳಿಲ್ಲದ ನಾಲ್ಕು ಸಾಲಿನ ಪುಟವನ್ನು ನೋಡಿಯೂ ಬಿಡಬಹುದು. ತಾಣದವರೇ ತಿಳಿದೋ ತಿಳಿಯದೆಯೋ ‘ಸೂಚಿಗೆ ಸೇರಿಸಬೇಡಿ’ ಎಂಬ ಗುರುತನ್ನು ಹಚ್ಚಿಬಿಟ್ಟಿರುವುದೂ ಉಂಟು.

ಕನ್ನಡಕ್ಕೆ ಇಲ್ಲೊಂದು ವಿಶೇಷ ತೊಡಕಿತ್ತು, ಅದರ ಉಳಿಕೆ ಈಗಲೂ ಇದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪುಟ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಶೇಖರವಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಸಂಚಾರಿ ಓದುವುದು ಒಳಗಿರುವುದನ್ನೇ. ಅಂಥ ಪುಟ ಸೂಚಿಗೆ ಸೇರಿದರೂ ಕನ್ನಡದ ಯಾವ ಪದ ಹಾಕಿ ಹುಡುಕಿದರೂ ಹೊರಬರುವುದಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಸಹಿತ ಬಂದು ಯೂನಿಕೋಡ್ ಕನ್ನಡ ಮನೆಮನೆಯ ಕಂಪ್ಯೂಟರಿಗೂ ತಲುಪಿದ ಮೇಲೆ, ಬ್ಲಾಗ್ ಬರೆದವರು ನೇರ ಯೂನಿಕೋಡ್‌ನಲ್ಲೇ ಬರೆದರು. ಬಿಡುವಿನಲ್ಲಿ ಬರೆದ ಬ್ಲಾಗಿನ ಸಾಲು ಹುಡುಕಿದರೆ ಸಿಗುತ್ತಿತ್ತು. ಹಳೆಯ ಫಾಂಟಿನಲ್ಲಿ ಏರಿಸಿದ ಸುತ್ತೋಲೆ, ಲೇಖನಗಳು ಸಿಗುತ್ತಿರಲಿಲ್ಲ. ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿದ ಕಡತಗಳ ಪಾಡೂ ಹೆಚ್ಚುಕಡಿಮೆ ಅದೇ.

ಬ್ಲಾಗಿನ ಗುಣ ಬೇರೆಯವರಿಗೂ

ಬ್ಲಾಗುಗಳು ಮೊದಲು ತೋರಿಸಿದ ದಾರಿ ಈಗ ಎಲ್ಲ ತಾಣಗಳಿಗೂ ತೆರೆದಿದೆ. 2005ರ ಜೂನ್‌ನಲ್ಲಿ ಗೂಗಲ್ ಶುರುಮಾಡಿ, ಮರುವರ್ಷ ಯಾಹೂ ಮತ್ತು ಮೈಕ್ರೋಸಾಫ್ಟ್ ಒಪ್ಪಿಕೊಂಡ ಸೈಟ್‌ಮ್ಯಾಪ್ ಒಂದು ತಾಣದ ಪುಟಗಳ ಪಟ್ಟಿ. ಒಂದು ಕಡತದಲ್ಲಿ 50,000 ವಿಳಾಸಗಳವರೆಗೆ ಹಿಡಿಸುತ್ತದೆ. 2020ರಿಂದ ವರ್ಡ್‌ಪ್ರೆಸ್ ಇದನ್ನು ತಾನಾಗಿಯೇ ತಯಾರಿಸುತ್ತದೆ. ಮೈಕ್ರೋಸಾಫ್ಟ್ ಬಿಂಗ್ ಮತ್ತು ರಷ್ಯಾದ ಯಾಂಡೆಕ್ಸ್ 2021ರಲ್ಲಿ ತಂದ ಇಂಡೆಕ್ಸ್‌ನೌ ಹಳೆಯ ಪಿಂಗ್‌ನ ಮರುಹುಟ್ಟು. ಈ ಸಲ ಕಳ್ಳರಿಗೊಂದು ತಡೆಯಿದೆ: ತಾಣದ ಒಡೆಯರು ಗುರುತಿನ ಕಡತವೊಂದನ್ನು ತಮ್ಮದೇ ಸರ್ವರ್‌ನಲ್ಲಿಟ್ಟು ತಾಣ ತಮ್ಮದೆಂದು ತೋರಿಸಬೇಕು. ಗುರುತು ಕೇಳದೆ ಯಾರಿಂದಲಾದರೂ ಸೈಟ್‌ಮ್ಯಾಪ್ ಸೂಚನೆ ಪಡೆಯುತ್ತಿದ್ದ ತನ್ನ ಹಳೆಯ ಸೌಲಭ್ಯವನ್ನು ನಿಲ್ಲಿಸುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿತು. ಬರುತ್ತಿದ್ದ ಸೂಚನೆಗಳಲ್ಲಿ ಬಹುಪಾಲು ಕಸದ ಪುಟಗಳವು ಎಂಬುದು ಅದು ಕೊಟ್ಟ ಕಾರಣ. ಯಾರು ಬೇಕಾದರೂ ವಿಳಾಸ ತುಂಬಬಹುದಾಗಿದ್ದ ಅದರ ಸಾರ್ವಜನಿಕ ಅರ್ಜಿಯೂ 2018ರಲ್ಲೇ ಮುಚ್ಚಿತ್ತು. ಈಗ ತಾಣದ ಒಡೆಯರು ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ನೋಂದಾಯಿಸಿಕೊಂಡು ಸೈಟ್‌ಮ್ಯಾಪ್ ಕೊಡಬಹುದು, ಒಂದೊಂದು ಪುಟಕ್ಕೆ ಭೇಟಿಯನ್ನೂ ಕೋರಬಹುದು.

ಇವೆಲ್ಲ ಇದ್ದೂ, ಹೊಸ ತಾಣ ಕಟ್ಟಿದವರಿಗೆ ಅತ್ಯಂತ ಸರಳ ಉಪಾಯ ಹಳೆಯದೇ: ಆಗಾಗ ಬದಲಾಗುವ, ಶೋಧಯಂತ್ರಕ್ಕೆ ಪರಿಚಯವಿರುವ ಪುಟವೊಂದರಲ್ಲಿ ತಾಣದ ಕೊಂಡಿ ಇರಬೇಕು. ಆ ಪುಟ ಸ್ವಂತ ಬ್ಲಾಗಿನದಾಗಬಹುದು, ಸ್ನೇಹಿತರ ಬ್ಲಾಗಿನದಾಗಬಹುದು. ಬ್ಲಾಗಿನಲ್ಲಿ ಓದತಕ್ಕ ಬರಹ ಬರುತ್ತಿರಬೇಕು ಅಷ್ಟೆ. ಕೊಂಡಿಗಾಗಿಯೇ ತೆರೆದ ಬ್ಲಾಗನ್ನು ಯಂತ್ರಗಳು ಗುರುತಿಸಲು ಕಲಿತು ಬಹಳ ವರ್ಷಗಳಾದವು. ದುಡ್ಡು ಕೊಟ್ಟರೆ ಒಂದು ದಿನದಲ್ಲಿ ಗೂಗಲ್ ಸೂಚಿಗೆ ಸೇರಿಸಿಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಬೇಕಿಲ್ಲ. ಹಣ ಪಡೆದು ಯಾವ ತಾಣಕ್ಕೂ ಹೆಚ್ಚು ಸಲ ಭೇಟಿ ಕೊಡುವುದಿಲ್ಲವೆಂದೂ, ಎಲ್ಲ ನಿಯಮ ಪಾಲಿಸಿದ ಪುಟವನ್ನೂ ಸೂಚಿಗೆ ಸೇರಿಸುವ ಭರವಸೆ ಇಲ್ಲವೆಂದೂ ಗೂಗಲ್ ತನ್ನ ಕೈಪಿಡಿಯಲ್ಲೇ ಬರೆದಿಟ್ಟಿದೆ.